ಅಟ್ಟದ ತೊಲೆ ಹೇಳಿದ್ದನ್ನು ನಾನು ಹೇಳಲಿಲ್ಲ

ನಾನು ಸುಳ್ಳು ಹೇಳಿದೆ. ನಮ್ಮ ದೊಡ್ಡಮ್ಮ ಗಂಗಮ್ಮನ ಎದುರಿಗೆ, ಅವಳು ಹುಟ್ಟಿ ಬೆಳೆದ ಕಂಬದ ಪಡಸಾಲೆಯಲ್ಲೇ ನಿಂತು, ನೆಂಟರಿಷ್ಟರೆಲ್ಲ ಕೇಳುವ ಹಾಗೆ, "ಮರದಿಂದ ಏನೂ ಗೊತ್ತಾಗಲಿಲ್ಲ" ಎಂದೆ. ಗೊತ್ತಾಗಿತ್ತು. ಎಲ್ಲವೂ ಅಲ್ಲದಿದ್ದರೂ, ಅವತ್ತಿಗೆ ಬೇಕಾಗಿದ್ದಷ್ಟು ಖಂಡಿತ ಗೊತ್ತಾಗಿತ್ತು. ಹೋದ ವರ್ಷದವರೆಗೂ ಇದನ್ನು ಯಾರಿಗೂ ಹೇಳದೆ ಬಂದಿದ್ದೆ — ಗಂಡನಿಗೆ ಹೇಳಲಿಲ್ಲ, ವಿದ್ಯೆ ಕಲಿಸಿದ ಮೇಷ್ಟರಿಗೂ ಹೇಳಲಿಲ್ಲ. ಮರೆತುಬಿಟ್ಟಿದ್ದೆ ಎಂದು ಬರೆಯೋಣವೆನಿಸುತ್ತದೆ. ಆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಹಳೆಯ ಮರದ ಕಟ್ಟಡಗಳ ವಯಸ್ಸು ಕಂಡುಹಿಡಿಯುವುದು ನನ್ನ ಕೆಲಸ. ಮಠದ ಚಾವಡಿ, ಪಟೇಲರ ಮನೆ, ಹಳೆಯ ಮಂಟಪ — ಇಂಥ ಕಡೆ ಹೋಗಿ, ಮೊದಲು ಲೇಸರ್ ಯಂತ್ರ ಇಟ್ಟು ಇಡೀ ಕಟ್ಟಡವನ್ನು ಒಂದು ಕೂದಲೂ ಬಿಡದ ಹಾಗೆ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತೇವೆ. ಆಮೇಲೆ ತೊಲೆಗೋ ಕಂಬಕ್ಕೋ ಟೊಳ್ಳು ಬೈರಿಗೆ ಹಾಕಿ, ಪೆನ್ಸಿಲಿನಷ್ಟು ದಪ್ಪದ ಮರದ ಕಡ್ಡಿಯನ್ನು ಹೊರಗೆ ತೆಗೆಯುತ್ತೇವೆ. ತೇಗದ ಮರ ವರ್ಷಕ್ಕೊಂದು ಸುತ್ತು ಬೆಳೆಯುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಅಗಲದ ಸುತ್ತು, ಮಳೆ ಕೈಕೊಟ್ಟ ವರ್ಷ ತೆಳ್ಳನೆಯದು. ಅಗಲ ಕಿರಿದುಗಳ ಆ ಸಾಲನ್ನು, ಕಾಲ ಗೊತ್ತಿರುವ ಬೇರೆ ಮರಗಳ ಸಾಲಿನ ಪಕ್ಕ ಇಟ್ಟು ಹೊಂದಿಸಿದರೆ, ಈ ಮರವನ್ನು ಯಾವಾಗ ಕಡಿದರು ಎಂಬುದು ತಿಳಿಯುತ್ತದೆ. ನಮ್ಮ ಮೇಷ್ಟರು ಮಲೆನಾಡಿನ ತೇಗಗಳಿಂದ ಅಂಥದೊಂದು ಉದ್ದನೆಯ ಸಾಲನ್ನು ಬಹಳ ವರ್ಷ ಕೂತು ಕಟ್ಟಿದ್ದರು.

ಆದರೆ ಮರದ ಮೇಲಿನ ಪ್ರೀತಿ ನನಗೆ ಮೇಷ್ಟರಿಂದ ಬಂದದ್ದಲ್ಲ. ಅದು ಬಂದದ್ದು ಆ ಪಡಸಾಲೆಯಿಂದ.

ಶೆಟ್ಟಿಕೆರೆಯ ಬಸ್ಸು ಇಳಿದು ತೋಟಗಳ ನಡುವೆ ನಡೆದರೆ ಸಿಗುವ ಸಣ್ಣ ಊರು ನನ್ನ ತಾಯಿಯ ತವರು. ನಾನು ಇನ್ನೂ ಶಾಲೆಗೆ ಸೇರುವ ಮೊದಲೇ ಅಪ್ಪ ತೀರಿಕೊಂಡರು. ಅಮ್ಮ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಅಣ್ಣ ಶಿವಲಿಂಗಪ್ಪನ ಮನೆಗೆ ಬಂದಳು. ಅಲ್ಲಿ ಅವಳಿಗಿಂತ ಮೊದಲೇ ಹಾಗೆ ಬಂದವಳು ಒಬ್ಬಳಿದ್ದಳು — ಇಬ್ಬರಿಗೂ ಅಕ್ಕ, ನನಗೆ ದೊಡ್ಡಮ್ಮ. ಮದುವೆಯಾಗಿ ಕಂದಿಕೆರೆಗೆ ಹೋದ ಗಂಗಮ್ಮ, ಗಂಡ ಸತ್ತ ಮೇಲೆ ತವರಿಗೆ ಬಂದು ಅಲ್ಲೇ ನಿಂತಿದ್ದಳು. ಮಕ್ಕಳಿರಲಿಲ್ಲ. ಹಾಗಾಗಿ ನಾನು ಬಂದದ್ದೇ ತಡ, ನನ್ನನ್ನು ಅಮ್ಮನ ಕೈಯಿಂದ ಇಸಿದುಕೊಂಡಳು. ತಿರುಗಿ ಕೊಡಲೇ ಇಲ್ಲ ಎಂದು ಅಮ್ಮ ನಗುತ್ತಿದ್ದಳು.

ಮನೆಯ ಮುಂಭಾಗವೇ ಕಂಬದ ಪಡಸಾಲೆ. ತಬ್ಬಿದರೆ ನನ್ನ ಎರಡು ಕೈಗೆ ಸಿಗದ ತೇಗದ ಕಂಬಗಳು, ಅವುಗಳ ಮೇಲೆ ಬೋದಿಗೆ, ಬೋದಿಗೆಯ ಮೇಲೆ ಹೊಗೆ ಹಿಡಿದು ಕಪ್ಪಾದ ತೊಲೆಗಳು, ತೊಲೆಗಳ ಮೇಲೆ ಅಟ್ಟ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ವರ್ಷ ತುಂಬುವ ಹೊತ್ತಿಗೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಕೊಬ್ಬರಿಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆ ಸದ್ದು ಕೇಳಲು ನಾನು ಅಟ್ಟ ಹತ್ತುತ್ತಿದ್ದೆ. ಅರೆಗತ್ತಲೆ, ಹೊಗೆಯ ಕಮಟು, ಒಣಗುತ್ತಿರುವ ಕೊಬ್ಬರಿಯ ಎಣ್ಣೆ ಎಣ್ಣೆ ಸಿಹಿ ವಾಸನೆ. ಅಷ್ಟು ಕಾಯಿಗಳ ಭಾರ ಹೊತ್ತ ತೊಲೆ ಮಧ್ಯಾಹ್ನದ ಬಿಸಿಲಿಗೆ ಒಮ್ಮೊಮ್ಮೆ ಲಟಕ್ಕೆಂದು ಸದ್ದು ಮಾಡುತ್ತಿತ್ತು. ಕೆಳಗಿನಿಂದ ದೊಡ್ಡಮ್ಮ ಕೂಗುತ್ತಿದ್ದಳು: "ಇಳಿಯೇ ಕೆಳಕ್ಕೆ! ಕಾಯಿ ಉರುಳಿದ್ರೆ ನೀನೂ ಕೊಬ್ಬರಿ ಆಗೋಯ್ತೀಯ!"

ಸಂಜೆ ಹುಳ ಹಿಡಿಯದಿರಲೆಂದು ಅಟ್ಟದ ಕೆಳಗೆ ಕಾಯಿಸಿಪ್ಪೆಯ ಹೊಗೆ ಹಾಕುವಳು. ಹೊಗೆಗೆ ಕಣ್ಣುಜ್ಜಿಕೊಳ್ಳುತ್ತ ನಾನು ಅವಳ ಮಗ್ಗುಲಲ್ಲಿ ಕೂತರೆ, ಸಿದ್ದವ್ವನ ಕತೆ ಹೇಳುವಳು. ಎಷ್ಟು ಸಲ ಕೇಳಿದ್ದೆನೋ...

"ಪಾಳೇಗಾರರ ಕಾಲ ಕಣೇ. ಬರ ಬಂತಂತೆ, ಒಂದು ವರ್ಷ ಅಲ್ಲ, ಮೇಲಿಂದ ಮೇಲೆ. ಸಿದ್ದವ್ವ ಈ ಮನೆ ಮಗಳು. ಅವಳ ಗಂಡ ಆ ಬರದಾಗೆ ಹೋದ. ತವರಿಗೆ ಬಂದ್ಲು. ಅಣ್ತಮ್ಮಂದಿರು ಒಳಕ್ಕೆ ಕರೀಲಿಲ್ಲ. ದನಿನ ಕೊಟ್ಟಿಗೇಲಿ ಮಲಗ್ತಿದ್ಲು. ಮಳೆ ತಿರುಗಿ ಬಂದ ಮೇಲೆ ಎತ್ತು ಹೂಡ್ಕಂಡು ಮಲೆಸೀಮೆಗೆ ಹೋದ್ಲು. ಮರ ಕಡಿಸಿ, ಗಾಡಿ ಮೇಲೆ ಹೇರ್ಕಂಡು ಬಂದು ಇದನ್ನ ಕಟ್ಟಿಸಿದ್ಲು. ಕಟ್ಟಿಸಿ ಏನಂದ್ಲು ಗೊತ್ತಾ? ಈ ಮನೆ ಹೆಣ್ಮಕ್ಳು ಯಾವತ್ತು ತಿರುಗಿ ಬಂದ್ರೂ ಈ ಸೂರಿನ ಕೆಳಗೆ ಅವರಿಗೆ ಜಾಗ ಐತೆ, ಯಾರನ್ನೂ ಕೇಳ್ಕಂಡು ಬರ್ಬೇಕಾಗಿಲ್ಲ ಅಂದ್ಲು."

ಕತೆ ಮುಗಿದ ಮೇಲೆ ಅವಳ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು. ಆಗ ಅದು ನನಗೆ ಅರ್ಥವಾಗುತ್ತಿರಲಿಲ್ಲ. ಆ ಮನೆಯಲ್ಲಿ ಅವಳು ಯಾರ ಹಂಗಿನಲ್ಲೂ ಇಲ್ಲ ಎಂದು ಹೇಳುವ ಒಂದೇ ಒಂದು ಸಾಕ್ಷಿ ಆ ಕತೆಯಾಗಿತ್ತು. ಅಮ್ಮನಿಗೂ ಅದೇ. ನನಗೂ — ನಾನೂ ಆ ಸೂರಿನ ಕೆಳಗೇ ಬೆಳೆದವಳಲ್ಲವೇ.

ಮಾಮ ಈ ಕತೆಗೆ ನಗುತ್ತಿದ್ದರು. ಅವರ ಪ್ರಕಾರ ಪಡಸಾಲೆ ಕಟ್ಟಿಸಿದ್ದು ಅವರ ಮುತ್ತಾತ ಪಟೇಲ್ ರುದ್ರಪ್ಪನವರು. "ಹೆಂಗಸರು ಒಲೆ ಮುಂದೆ ಕಟ್ಟಿದ ಕತೆ ಬುಡವ್ವ ಅದು" ಎನ್ನುವರು. ಅದರಲ್ಲಿ ಕುಹಕ ಇರಲಿಲ್ಲ. ಮಾಮ ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟು ಸುಲಭವಾಗುತ್ತಿತ್ತು! ಅಮ್ಮ ತೀರಿಕೊಂಡಾಗ, ನಾನು ತಿಪಟೂರಿನಲ್ಲಿ ಕಾಲೇಜು ಓದುತ್ತಿದ್ದೆ. ಓದು ನಿಲ್ಲಿಸಿ ಮದುವೆ ಮಾಡಿ ಎಂದ ನೆಂಟರಿಗೆ, "ಅವಳಿಗೆ ಬೇಕಾದಷ್ಟು ಓದ್ತಾಳೆ" ಎಂದು ಒಂದೇ ಮಾತಿನಲ್ಲಿ ಬಾಯಿ ಮುಚ್ಚಿಸಿದವರು ಅವರು.

ನಾನು ಸಂಶೋಧನೆಗೆ ಸೇರಿದ ಎರಡನೆಯ ವರ್ಷ ಮಾಮ ಪಡಸಾಲೆಯ ಹೆಂಚು ತೆಗೆಸಿ ರಿಪೇರಿಗೆ ಕೈಹಾಕಿದರು. ಅಟ್ಟದ ಕಾಯಿಯೆಲ್ಲ ಕೆಳಗಿಳಿಯಿತು. ನನ್ನ ನೆನಪಿನಲ್ಲಿ ಎಂದೂ ಖಾಲಿಯಾಗದ ಅಟ್ಟ! ನಾನು ಯಂತ್ರ ತೆಗೆದುಕೊಂಡು ಓಡಿಬಂದೆ. ಪಡಸಾಲೆಯ ಮೂಲೆಮೂಲೆಯಲ್ಲಿ ಅದನ್ನು ನಿಲ್ಲಿಸಿ ಸ್ಕ್ಯಾನ್ ಮಾಡಿದೆ. ತೂತು ಕೊರೆಯುತ್ತೇನೆ ಎಂದಾಗ ಮಾತ್ರ ಮಾಮ ಹಿಂದೆಮುಂದೆ ನೋಡಿದರು. ತೊಲೆಯ ಬಲ ಹೋದರೆ? ಮೇಲೆ ಮತ್ತೆ ಕಾಯಿ ಹೇರಬೇಕಲ್ಲ?

ಅವರನ್ನು ಒಪ್ಪಿಸಿದವಳು ದೊಡ್ಡಮ್ಮ. "ಮಾಡ್ಲಿ ಬುಡ್ಲಾ ಲಿಂಗ. ಯಾರ ಮಾತು ದಿಟ ಅಂತ ಒಂದು ಸಲ ಗೊತ್ತಾಗೋಗ್ಲಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಮಕ್ಕಳನ್ನು ಕೇಳುವ ಹಾಗೆ ಕೇಳಿದಳು: "ಮರ ಸುಳ್ಳು ಹೇಳಲ್ಲ ತಾನೇ?"

"ಇಲ್ಲ ದೊಡ್ಡಮ್ಮ. ಮರಕ್ಕೆ ಸುಳ್ಳು ಬರಲ್ಲ."

ಕೊರೆಯಲು ಜಾಗ ಹುಡುಕುವಾಗ, ಗೋಡೆಯ ಕಡೆಯ ತೊಲೆಯೊಂದರಲ್ಲಿ ಬಡಗಿ ಉಳಿ ತಾಗಿಸದೆ ಬಿಟ್ಟ ಒಂದು ಅಂಚು ಸಿಕ್ಕಿತು. ತೊಗಟೆ ಉದುರಿತ್ತು, ಆದರೆ ಅದರ ಕೆಳಗಿನ ನುಣುಪು ಮೈ ಹಾಗೇ ಇತ್ತು. ನಮ್ಮ ಕೆಲಸದವರಿಗೆ ಅದಕ್ಕಿಂತ ದೊಡ್ಡ ನಿಧಿಯಿಲ್ಲ: ಮರ ಬದುಕಿದ್ದ ಕಡೆಯ ವರ್ಷ ಅಲ್ಲಿರುತ್ತದೆ. ಕಡ್ಡಿ ತುಂಡಾಗದೆ ಹೊರಬಂದಾಗ ನಾನು ಅಟ್ಟದ ಮೇಲೆ ಕಿರುಚಿಕೊಂಡಿದ್ದೆ.

ಪ್ರಯೋಗಾಲಯದಲ್ಲಿ ಆ ಕಡ್ಡಿಯನ್ನು ಉಜ್ಜಿ ನುಣ್ಣಗೆ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟ ದಿನ — ಈಗಲೂ ಕಣ್ಣು ಮುಚ್ಚಿದರೆ ಕಾಣುತ್ತದೆ. ಒಳಗಿನಿಂದ ಹೊರಕ್ಕೆ ಬರುತ್ತ ಬರುತ್ತ ಸುತ್ತುಗಳು ನೆಮ್ಮದಿಯಾಗಿ ಬೆಳೆದಿದ್ದವು. ಅಂಚಿಗೆ ಸ್ವಲ್ಪ ಮೊದಲು ಅವು ಕೂದಲೆಳೆಯಂತೆ ಒಂದಕ್ಕೊಂದು ಒತ್ತಿಕೊಂಡವು. ಬರದ ವರ್ಷಗಳು. ಒಂದಲ್ಲ, ಮೇಲಿಂದ ಮೇಲೆ. ಅದರಾಚೆಗೆ ಮಳೆ ಕಂಡ ಮರದ ಒಂದೆರಡು ಅಗಲವಾದ ಸುತ್ತು. ಅಲ್ಲಿಗೆ ಮುಗಿದಿತ್ತು. ಮರವನ್ನು ಕಡಿದಿದ್ದರು.

ಮೇಷ್ಟರ ಸಾಲಿನ ಜೊತೆ ಹೊಂದಿಸಿದೆ. ಕೂತಿತು. ಅದು ಪಾಳೇಗಾರರ ಕಾಲದ ಮರ. ಪಟೇಲ್ ರುದ್ರಪ್ಪನವರು ಹುಟ್ಟುವುದಕ್ಕೆ ಎಷ್ಟೋ ತಲೆಮಾರು ಮೊದಲೇ ಅದು ಕೊಡಲಿಗೆ ಬಿದ್ದಿತ್ತು.

ಹಳೆಯ ಕಟ್ಟಡವೊಂದನ್ನು ಬಿಚ್ಚಿ ಅದರ ಮರವನ್ನು ರುದ್ರಪ್ಪನವರು ಇಲ್ಲಿಗೆ ಬಳಸಿರಬಹುದಲ್ಲ? ನಾನು ಅದನ್ನೂ ನೋಡಿದೆ. ಬೇರೆ ಕಡೆಯಿಂದ ತಂದ ತೊಲೆಯಾದರೆ ಹಿಂದಿನ ಕಟ್ಟಡದ ಸಂದುಗಳ ಗುರುತು, ಈಗ ಯಾವ ಮರವೂ ಕೂರದ ಖಾಲಿ ಗೂಡುಗಳು ಮೈಮೇಲೆ ಉಳಿದಿರುತ್ತವೆ. ಸ್ಕ್ಯಾನ್ ಮಾಡಿದ್ದ ಪಡಸಾಲೆಯನ್ನು ಪರದೆಯ ಮೇಲೆ ತಿರುಗಿಸಿ ತಿರುಗಿಸಿ, ಒಂದೊಂದು ತೊಲೆಯ ನಾಲ್ಕೂ ಮಗ್ಗುಲನ್ನು ಪರೀಕ್ಷಿಸಿದೆ. ಒಂದು ಖಾಲಿ ಗೂಡೂ ಇಲ್ಲ. ಪ್ರತಿ ಕಚ್ಚೂ ಎದುರಿನ ಕಚ್ಚಿಗೆಂದೇ ಹುಟ್ಟಿದಂತೆ ಕೂತಿತ್ತು. ಈ ಮರಗಳು ಈ ಪಡಸಾಲೆಗೆಂದೇ ಬಂದವು. ಇದನ್ನು ಬಿಡಿಸಿ ಹೇಳುತ್ತಿರುವುದೇಕೆಂದರೆ, ಆಮೇಲೆ ಬಹಳ ವರ್ಷ ನಾನು ನನಗೇ "ಮರುಬಳಕೆ ಇರಬಹುದು, ಖಚಿತವಾಗಿ ಹೇಳಲಾಗದು" ಎಂದು ಸಮಾಧಾನ ಹೇಳಿಕೊಂಡೆ. ಆ ಬಾಗಿಲನ್ನು ನಾನೇ ಮುಚ್ಚಿ ಬಂದಿದ್ದೆ ಎಂಬುದು ನನಗೆ ಗೊತ್ತಿತ್ತು.

ಊರಿಗೆ ಫೋನ್ ಮಾಡಬೇಕು. ದೊಡ್ಡಮ್ಮನನ್ನು ಕರೆಯಬೇಕು. "ಗೆದ್ದೆ ಕಣೇ ದೊಡ್ಡಮ್ಮ" ಎನ್ನಬೇಕು. ಎಷ್ಟು ಆಸೆಯಿತ್ತು! ಅಷ್ಟರಲ್ಲಿ ಮಾಮನೇ ಫೋನ್ ಮಾಡಿದರು. ರಿಪೇರಿ ಮುಗಿದಿತ್ತು. ಸ್ವಾಮಿಗಳು ಪಾದಪೂಜೆಗೆ ಬರುತ್ತಾರೆ, ಪಡಸಾಲೆಯ ಗೋಡೆಗೆ ಒಂದು ಕಲ್ಲು ಹಾಕಿಸುತ್ತಿದ್ದೇನೆ, ಮುತ್ತಾತನ ಹೆಸರು ಬರಬೇಕು.

"ಬರಹ ನೀನೇ ಮಾಡ್ಕೊಡವ್ವ. ನಮ್ಮನೆಗೆ ಓದಿದವಳು ನೀನೊಬ್ಬಳೇ" ಎಂದರು. ಅವರ ದನಿಯಲ್ಲಿ ಅಷ್ಟು ಹೆಮ್ಮೆ ಇತ್ತು...

ನಾನು ಬರೆದುಕೊಟ್ಟೆ. 'ಈ ಕಂಬದ ಪಡಸಾಲೆಯನ್ನು ಕಟ್ಟಿಸಿದವರು ಪಟೇಲ್ ರುದ್ರಪ್ಪನವರು.' ಆ ವಾಕ್ಯ ನನ್ನದು. ತಪ್ಪು ಎಂದು ಗೊತ್ತಿದ್ದೇ ಬರೆದದ್ದು.

ಋಣಕ್ಕಾಗಿ ಹಾಗೆ ಮಾಡಿದೆ ಎಂದರೆ ಅರ್ಧ ನಿಜ. ಉಳಿದರ್ಧ ಹೇಳದಿದ್ದರೆ ಈ ನಿವೇದನೆಗೆ ಅರ್ಥವಿಲ್ಲ. ನನ್ನ ಸಂಶೋಧನೆಗೆ ತುರುವೇಕೆರೆ, ತಿಪಟೂರು ಕಡೆಯ ಇನ್ನೂ ಎಷ್ಟೋ ಹಳೆಯ ಮನೆಗಳು ಬೇಕಿದ್ದವು. ಅವುಗಳ ಯಜಮಾನರೆಲ್ಲ ಮಾಮನ ಪರಿಚಯದವರು; ಅವರ ಒಂದು ಮಾತಿಗೆ ಬಾಗಿಲು ತೆರೆಯುತ್ತಿದ್ದರು. ನಿಮ್ಮ ಮುತ್ತಾತ ಇದನ್ನು ಕಟ್ಟಿಸಿಲ್ಲ ಎಂದು ಸ್ವಂತ ಮಾಮನಿಗೇ ಹೇಳಿದ ಹುಡುಗಿಗೆ ಯಾರು ಅಟ್ಟ ಹತ್ತಲು ಬಿಡುತ್ತಾರೆ? ಈ ಲೆಕ್ಕಾಚಾರ ನನ್ನ ತಲೆಯಲ್ಲಿತ್ತು. ಸ್ಪಷ್ಟವಾಗಿಯೇ ಇತ್ತು.

ಪೂಜೆಯ ದಿನ ಪಡಸಾಲೆ ತುಂಬ ಜನ. ಕಂಬಕ್ಕೆಲ್ಲ ಎಣ್ಣೆ ಹಚ್ಚಿ ಹೊಳೆಯುವಂತೆ ಮಾಡಿದ್ದರು. ಸ್ವಾಮಿಗಳು ಆಶೀರ್ವಚನ ಮುಗಿಸಿ ಹೊರಟ ಮೇಲೆ, ಮಾಮ ಹೆಗಲ ಮೇಲಿನ ಶಾಲನ್ನೂ ತೆಗೆಯದೆ, ಬಂದವರಿಗೆಲ್ಲ ಕಲ್ಲು ತೋರಿಸುತ್ತ ಓಡಾಡುತ್ತಿದ್ದರು. ಊಟಕ್ಕೆ ಎಲೆ ಹಾಕುವ ಹೊತ್ತು. ದೊಡ್ಡಮ್ಮ ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಕಲ್ಲಿನ ಮುಂದೆ ನಿಂತಳು. ನಿಧಾನವಾಗಿ ಅಕ್ಷರ ಕೂಡಿಸಿ ಓದಿದಳು. ಆಮೇಲೆ ನನ್ನನ್ನು ನೋಡಿದಳು.

"ವಿಮಲಾ, ತೊಲೆ ಏನಂತು?"

ಹತ್ತಿರವಿದ್ದವರೆಲ್ಲ ಇತ್ತ ತಿರುಗಿದರು. ಮಾಮನೂ ತಿರುಗಿ ನೋಡಿದರು, ನಗುತ್ತಲೇ.

"ಮರದಿಂದ ಏನೂ ಗೊತ್ತಾಗಲಿಲ್ಲ ದೊಡ್ಡಮ್ಮ. ಕಡ್ಡಿ ಸರಿಯಾಗಿ ಬರಲಿಲ್ಲ."

ಕಡ್ಡಿ ತುಂಡಾಗದೆ ಬಂದಾಗ ನಾನು ಕಿರುಚಿದ್ದನ್ನು ಅವಳು ಕೆಳಗಿನಿಂದ ಕೇಳಿಸಿಕೊಂಡಿದ್ದಳು. ಏನಾಯ್ತೇ ಎಂದು ಗಾಬರಿಯಾಗಿ ಏಣಿ ಹತ್ತಿದ್ದಳು. ಅವಳ ಕೈಗೇ ನಾನು ಆ ಕಡ್ಡಿಯನ್ನು ಕೊಟ್ಟು ತೋರಿಸಿದ್ದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ. ನನ್ನನ್ನು ಕಾಪಾಡಬೇಕೆಂದು ಅವಳಿಗೆ ಅನ್ನಿಸಿತೋ ಏನೋ —

"ಹೋಗ್ಲಿ ಬುಡು. ಮರಕ್ಕೂ ಗಂಡಸರ ಭಯ ಇರ್ಬೇಕು" ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ಮಾಮ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕೆ.

ಆಮೇಲೆ ಅವಳು ಸಿದ್ದವ್ವನ ಕತೆ ಹೇಳಲಿಲ್ಲ. ಮಾಮನ ಮಗನಿಗೆ ಮದುವೆಯಾಗಿ ಹೊಸ ಸೊಸೆ ಬಂದಾಗ, ಇದನ್ನು ಯಾರು ಕಟ್ಟಿಸಿದ್ದು ಅತ್ತೆ ಎಂದು ದೊಡ್ಡಮ್ಮನನ್ನು ಕೇಳಿದಳಂತೆ. "ಕಲ್ಲಲ್ಲಿ ಬರ್ದೈತೆ, ಓದ್ಕೊಳವ್ವ" ಎಂದಳಂತೆ. ಮುಂದಿನ ಸುಗ್ಗಿಯ ಹೊತ್ತಿಗೆ, ಯಾರೂ ಹೋಗು ಎನ್ನದೆ, ಯಾರ ಜೊತೆಗೂ ಜಗಳವಾಡದೆ, ಕಂದಿಕೆರೆಯಲ್ಲಿದ್ದ ಗಂಡನ ಅಣ್ಣನ ಮಗನ ಮನೆಗೆ ಹೊರಟುಹೋದಳು. ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತು ತಮ್ಮನಿಗೆ, "ನಿನ್ನ ಮನೆ ಚೆನ್ನಾಗಿರ್ಲಿ ಕಣಪ್ಪ" ಎಂದಳಂತೆ. ಅಲ್ಲಿಯವರೆಗೆ ಅವಳ ಬಾಯಲ್ಲಿ ಅದು ಯಾವತ್ತೂ 'ನಮ್ಮನೆ'ಯೇ ಆಗಿತ್ತು.

ಕಂದಿಕೆರೆಗೆ ನಾನು ಹೋಗಿ ನೋಡಿಕೊಂಡು ಬರುತ್ತಿದ್ದೆ. ಅವರ ಜಗಲಿಯ ತುದಿಯಲ್ಲಿ ಅವಳಿಗೊಂದು ಚಾಪೆ. ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಹೇಳಬಾರದು. ನಾನು ಹೋದಾಗಲೆಲ್ಲ ಕೊಬ್ಬರಿ, ಬೆಲ್ಲ ಕೈಗಿಟ್ಟು, ನನ್ನ ಗಂಡನ ಆರೋಗ್ಯ ಕೇಳಿ, ತಲೆ ಸವರುವಳು. ಮರದ ಮಾತು ಎತ್ತಲೇ ಇಲ್ಲ. ನನ್ನ ಬಾಯಿಗೆ ಮಾತು ಬರುತ್ತಿತ್ತು. ದೊಡ್ಡಮ್ಮ, ಅವತ್ತು ನಾನು... ಅಷ್ಟರಲ್ಲಿ ಯಾರಾದರೂ ಬರುವರು, ಇಲ್ಲ ಬಸ್ಸಿನ ಹೊತ್ತಾಗುವುದು. ಬಸ್ಸು ತಪ್ಪಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಒಂದು ದಿನ ಸುದ್ದಿ ಬಂತು. ನಾನು ಹೋಗುವ ಹೊತ್ತಿಗೆ ಅವಳನ್ನು ಕೂರಿಸಿ ವಿಭೂತಿ ಹಚ್ಚಿದ್ದರು.

ನನ್ನ ಪ್ರಬಂಧದಲ್ಲಿ ಆ ಪಡಸಾಲೆ ಇಲ್ಲ. ಮಾದರಿ ಕೆಟ್ಟಿತ್ತು ಎಂದು ಒಂದು ಸಾಲು ಬರೆದು ಕೈಬಿಟ್ಟೆ. ಮೇಷ್ಟರು ನಂಬಿದರು. ನನಗೆ ಪದವಿ ಬಂತು, ಕೆಲಸ ಬಂತು, ಹೆಸರೂ ಬಂತು.

ಹೋದ ವರ್ಷ ನನ್ನ ಕೈಕೆಳಗೆ ಓದುತ್ತಿರುವ ವಿದ್ಯಾರ್ಥಿನಿಯೊಬ್ಬಳು, ಕೊಬ್ಬರಿ ಅಟ್ಟಗಳ ಬಗ್ಗೆ ಕೆಲಸ ಮಾಡುತ್ತೇನೆ, ನಿಮ್ಮ ಊರಿನ ಸ್ಕ್ಯಾನ್ ಇದೆಯೇ ಎಂದು ಕೇಳಿದಳು. ಹಳೆಯ ಡಿಸ್ಕು ಹುಡುಕಿ ತೆರೆದೆ. ಕೋಟಿಗಟ್ಟಲೆ ಚುಕ್ಕೆಗಳಿಂದ ಪಡಸಾಲೆ ಎದ್ದು ನಿಂತಿತು — ಕಂಬ, ಬೋದಿಗೆ, ಖಾಲಿ ಅಟ್ಟ. ಆ ಯಂತ್ರ ತಿರುಗುವಾಗ ಯಾರಾದರೂ ಅಡ್ಡ ನಡೆದರೆ ಅವರ ಆಕಾರ ಮಸುಕಾಗಿ ಉಳಿದುಬಿಡುತ್ತದೆ. ಆಮೇಲೆ ನಾವು ಅಂಥವನ್ನು ಅಳಿಸುತ್ತೇವೆ. ಇದನ್ನು ನಾನು ಅಳಿಸಿರಲಿಲ್ಲ. ಒಂದು ಕಂಬದ ಬುಡದಲ್ಲಿ ಚುಕ್ಕೆಗಳ ಒಂದು ಗುಪ್ಪೆ: ಗಂಟು ಕಟ್ಟಿದ ತಲೆ, ಕಂಬಕ್ಕೆ ಆನಿಸಿದ ಬೆನ್ನು, ಚಾಚಿದ ಕಾಲು. ದೊಡ್ಡಮ್ಮ ಕೆಲಸ ನೋಡುತ್ತ ಕೂತಿದ್ದಳು. ಮುಖ ಮಾತ್ರ ಇರಲಿಲ್ಲ. ಎಷ್ಟು ಹತ್ತಿರಕ್ಕೆ ತಂದರೂ ಚುಕ್ಕೆಗಳು ದೂರದೂರ ಸರಿದುಹೋಗುತ್ತಿದ್ದವು.

ಆ ಹುಡುಗಿ ಪಕ್ಕದಲ್ಲಿ ಕೂತು ಕೇಳಿದಳು, "ಇದನ್ನ ಯಾರು ಕಟ್ಟಿಸಿದ್ದು ಮೇಡಂ?"

ಮಾರನೆಯ ಭಾನುವಾರ ಊರಿಗೆ ಹೋದೆ. ಮಾಮನಿಗೆ ವಯಸ್ಸಾಗಿದೆ, ಆದರೆ ಕಿವಿ, ಬುದ್ಧಿ ಎರಡೂ ಇನ್ನೂ ಚುರುಕಾಗಿವೆ. ಪಡಸಾಲೆಯ ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದರು. ಸೊಸೆ ಕಾಫಿ ತಂದಿಟ್ಟು ಒಳಗೆ ಹೋದಳು. ನಾನು ಪೀಠಿಕೆ ಹಾಕದೆ ಎಲ್ಲವನ್ನೂ ಹೇಳಿದೆ. ತೊಲೆಯ ಅಂಚು, ಬರದ ಸುತ್ತುಗಳು, ರುದ್ರಪ್ಪನವರು, ಖಾಲಿ ಗೂಡುಗಳಿಲ್ಲದ ತೊಲೆಗಳು, ನನ್ನ ಸುಳ್ಳು. ಅವರು ಅಡ್ಡ ಬಾಯಿ ಹಾಕಲಿಲ್ಲ. ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಸಿದ್ದವ್ವ ಅಂತ ಮರ ಹೇಳ್ತಾ?"

"ಹೆಸರು ಹೇಳಲ್ಲ ಮಾಮ. ಕಟ್ಟಿದ್ದು ರುದ್ರಪ್ಪನವರಲ್ಲ ಅಂತ ಹೇಳುತ್ತೆ. ಬರ ಕಳೆದು ಮಳೆ ಬಂದ ಮೇಲೆ ಕಡಿದದ್ದು ಅಂತ ಹೇಳುತ್ತೆ. ದೊಡ್ಡಮ್ಮ ಹೇಳ್ತಿದ್ದ ಹಾಗೇ."

"ನಂಗ್ಯಾಕೆ ಅವತ್ತೇ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಆಗ್ತಿತ್ತು" ಎಂದರು ಮಾಮ. "ಎರಡು ದಿನ ನಿನ್ನ ಮೇಲೆ ಮುನಿಸ್ಕೊಂಡಿರ್ತಿದ್ದೆ. ಆಮೇಲೆ ಕಲ್ಲು ಬದಲಾಯಿಸ್ತಿದ್ದೆ. ನನ್ನ ಅಷ್ಟು ಸಣ್ಣೋನು ಅಂದ್ಕೊಂಡೇನವ್ವ?"

ಅಷ್ಟು ವರ್ಷ ನಾನು ಮೋಸ ಮಾಡಿದ್ದು ದೊಡ್ಡಮ್ಮ ಒಬ್ಬಳಿಗೇ ಎಂದುಕೊಂಡಿದ್ದೆ.

"ಅಕ್ಕಂಗಾದ್ರೂ ಹೇಳಿದ್ಯಾ? ಒಬ್ಬಳೇ ಇದ್ದಾಗ?"

"ಇಲ್ಲ ಮಾಮ."

ಅವರು ಕನ್ನಡಕ ಎತ್ತಿಕೊಂಡು ಗೋಡೆಯ ಕಲ್ಲಿನ ಕಡೆ ತಿರುಗಿದರು. ಕಲ್ಲು ತೆಗೆಸುತ್ತೇನೆ ಎಂದರು. ಹೊಸದಕ್ಕೆ ಏನು ಬರೆಯಬೇಕೋ ಈ ಸಲ ನೋಡಿ ಬರೆ ಎಂದರು. ನಾನು ತಲೆಯಾಡಿಸಿದೆ. ಇಷ್ಟಕ್ಕೆ ಮುಗಿಯಿತು ಎಂದುಕೊಂಡು ಎದ್ದೆ. ಆಗ ಅವರು, ನನ್ನನ್ನು ನೋಡದೆ, ಮೆಲ್ಲಗೆ ಹೇಳಿದರು:

"ಅಕ್ಕ ಗಂಟು ಹಿಡ್ಕೊಂಡು ಹೊರಟಾಗ ನಾನಿಲ್ಲೇ ನಿಂತಿದ್ದೆ. ಹೋಗ್ಬ್ಯಾಡ ಅನ್ನೋಕೆ ಏನು ಹೇಳ್ಬೇಕೋ ತಿಳೀಲಿಲ್ಲ ಕಣವ್ವ. ಅವಳನ್ನ ನಿಲ್ಲಿಸೋ ಮಾತು ನನ್ನತ್ರ ಇರ್ಲಿಲ್ಲ. ನಿನ್ನತ್ರ ಇತ್ತು."

ಹೌದು, ನನ್ನ ಹತ್ತಿರ ಇತ್ತು. ಪ್ರಬಂಧದ ಆ ಒಂದು ಸಾಲನ್ನು ತಿದ್ದಿ, ಸುಳ್ಳು ಬರೆದವಳು ನಾನೇ ಎಂದು ಸಹಿ ಹಾಕಿ ಕಳಿಸಿದ್ದೇನೆ. ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ, ಕೇಳದವರಿಗೂ. ಕಲ್ಲು ಬದಲಾಗುತ್ತದೆ, ಪ್ರಬಂಧ ಬದಲಾಗುತ್ತದೆ. ಕಂದಿಕೆರೆಯ ಆ ಜಗಲಿಯ ತುದಿಯಲ್ಲಿ ಅವಳು ಕಳೆದ ವರ್ಷಗಳು ಮಾತ್ರ ಹಾಗೇ ಇರುತ್ತವೆ.